ಬಿದ್ದ ಮೀಸಿ

ನವನಗರದಾಗ ಓಣಿಗೆ ಹೆಸರಿಲ್ಲ, ನಂಬರ ಅದಾವ.
ನಮ್ಮ ಸೆಕ್ಟರಿನ ನಡುವ ಒಂದು ಖಾಲಿ ಜಾಗಾ,
ಅದಕ್ಕ ನಂಬರನೂ ಇಲ್ಲ.
ಅಲ್ಲಿ ಏನು ಮಾಡೂದು ಅಂತ ಮಂದೀನ ಕೇಳಾಕ
ನನ್ನ ಕಳಿಸಿದ್ರು: ಚಾರ್ಟು, ಮಾರ್ಕರು,
ನಲವತ್ತು ಬಿಸ್ಕೀಟ ಪುಡಾ,
ಎರಡು ದಿನದ ತರಬೇತಿ.

ಮೂರು ಸಭಾ ಆದವು.
ಏಳು ಮುಳುಗಡಿ ಊರಿನ ಮಂದಿ ಏಳು ಗುಂಪಾಗಿ ಕುಂತ್ರು,
ನಡುವ ಒಂದೊಂದು ಮೊಳ ಬಿಟ್ಟು,
ಬಾಂದಿನ ಕಲ್ಲು ಇನ್ನೂ ಅಲ್ಲೇ ಅದಾವೇನೋ ಅನ್ನೂಹಂಗ.
ಯಾರು ಬಾಯಿ ತೆರೆದ್ರೂ ಮೊದಲ ಮಾತು 'ಆದ್ರ'.
ಗುಡಿ ಆಗಲಿ. ಆದ್ರ ಯಾವ ದೇವರದು?
ಗಿಡಾ ಹಚ್ಚೂಣು. ಆದ್ರ ನೀರು ಹಾಕವರು ಯಾರು?
ಒಂದೊಂದು 'ಆದ್ರ'ನೂ ನೀಲಿ ಇಂಕಿನಾಗ ಬರಕೊಂಡೆ.
ಚಾರ್ಟು ತುಂಬಿತು. ಜಾಗಾ ತುಂಬಲಿಲ್ಲ.

ನಾಲ್ಕನೇ ಸಭಾದಾಗ ಕರೆಂಟ ಹೋತು.
ಚಾರ್ಟು ಕಾಣವಲ್ಲದು. ಮುಂದೇನು ಅಂತ ತಿಳೀವಲ್ಲದು.
ಕತ್ತಲಾಗ ದುಂಡವ್ವ ನಕ್ಕಳು,
ಸಣ್ಣಾಟದಾಗ ದೂತಿ ಆಗಿ ಕುಣೀತಿದ್ದ ದುಂಡವ್ವ.
ಈಗ ಹಲ್ಲಿಲ್ಲ, ಗಂಟಲು ಐತಿ.

"ಒಮ್ಮೆ ಲೋಕಾಪುರದ ಕಡೆ ಆಟ.
ರಾಜಾ ಸಿಟ್ಟಿಗೆದ್ದು ಒದರಿದ, ಮೀಸಿ ಕಳಚಿ ಬಿತ್ತು.
ಪೇಟಿ ಮಾಸ್ತರ ಕೈ ಬಿಟ್ಟ.
ನಾ ಮೀಸಿ ಎತ್ತಿ ಅಂಗೈಯಾಗ ಇಟಗೊಂಡು
'ದೊರಿಯೇ, ಇದನ್ನ ಯಾರಿಗೆ ಕಡಾ ಕೊಡಾಕ ಹೊಂಟಿ?' ಅಂದೆ.
ಅಂವಾ ಕಣ್ಣು ಪಿಳುಕಿಸಿದ.
'ಹೂಂ ದೂತಿ, ಬಾಜೂ ರಾಜ್ಯದಾಗ ಲಗ್ನ ಐತಿ,
ಮದುಮಗಗ ಇನ್ನೂ ಮೀಸಿ ಮೂಡಿಲ್ಲ' ಅಂದ.
ಬೆಳತನಕ ಆಟ ಆ ಮೀಸಿ ಬೆನ್ನ ಹತ್ತಿ ಹೋತು.
ಹಳೇ ಕತಿ ಏನಿತ್ತಂತ ಯಾರೂ ಕೇಳಲಿಲ್ಲ."

ಆಮ್ಯಾಲೆ ನನ್ನ ಕಡೆ ತಿರುಗಿ:
"ತಂಗಿ, ಬಿದ್ದದ್ದನ್ನ ಮುಚ್ಚಬ್ಯಾಡ, ಎತ್ತಿ ತೋರಸು.
'ಆದ್ರ' ಅನ್ನೂ ಕಡೆ 'ಹೂಂ' ಅನ್ನಸು,
ಮೊಮ್ಮಕ್ಕಳು ಕತಿ ಕೇಳೂಮುಂದ ಅಂತಾವಲ್ಲ, ಹಂಗ.
ಹೂಂ ಅಂದ್ರ ಒಪ್ಪಿದೆ ಅಂತಲ್ಲ.
ಕೇಳಿದೆ, ಇನ್ನೂ ಎಚ್ಚರ ಅದೀನಿ ಅಂತ."

ಸುರು ಆತು.
"ಅಲ್ಲೊಂದು ಬೇವಿನ ಗಿಡಾ ಐತಿ."
"ಹೂಂ. ಅದರ ಕೆಳಗ ಕಟ್ಟಿ."
"ಹೂಂ. ಕಟ್ಟಿ ಮ್ಯಾಲೆ ನಮ್ಮತ್ತಿ ಕುಂತು ಊರ ಸೊಸೆಂದಿರನ್ನೆಲ್ಲಾ ಬೈತಾಳ."
"ಹೂಂ. ಬೈಕೋತ ಶೇಂಗಾ ಸುಲೀತಾಳ, ನಮ್ಮ ಮನೀ ಶೇಂಗಾ!"
ನಗಿ ಒಂದು ಗುಂಪಿನಿಂದ ಇನ್ನೊಂದಕ್ಕ ಹಾರಿತು.
ನಡುವಿನ ಮೊಳ ಕತ್ತಲಾಗ ಯಾರಿಗೆ ಕಾಣಬೇಕು.

ಆವಾಗ ಲಾಲಸಾಬ ಪಿಂಜಾರ,
ಮೂರು ಸಭಾದಾಗ ಒಂದು ಬಿಸ್ಕೀಟೂ ಮುಟ್ಟದವ:
"ಹೂಂ. ಅಲ್ಲಿ ನಮ್ಮ ಬಾವಿ ಐತಿ."

ಯಾರೂ ಹೂಂ ಅನಲಿಲ್ಲ.
ಆ ಬಾವಿ ಹಿನ್ನೀರಿನ ತಳಕ್ಕ ಐತಿ,
ನೀರಾಗ ಮುಳುಗಿದ ನೀರು.
ನನ್ನ ನಾಲಿಗಿ ತುದಿಗೆ 'ಆದ್ರ' ಬಂದು ನಿಂತಿತ್ತು,
ಸರ್ಕಾರಿ 'ಆದ್ರ', ಅಂದಾಜು ಪತ್ರಿಕಿ, ಮಂಜೂರಾತಿ.
ನುಂಗಿದೆ.

ಸಾಂವಕ್ಕನ ಮಗಳು, ಎಂಟನೇ ಇಯತ್ತಾ,
ಊರು ಮುಳುಗಿದ ಮ್ಯಾಲೆ ಹುಟ್ಟಿದಾಕಿ, ಮೆಲ್ಲಕ ಅಂದಳು:
"ಹೂಂ ಮುತ್ಯಾ. ಎಷ್ಟು ಮೆಟ್ಟಲಾ?"
"ಹದಿನೇಳು." ತಡದು, "ಒಂದು ಒಡದಿತ್ತು."
"ಎಷ್ಟನೇದು?"
ಅಂವಾ ಎಣಿಸಾಕ ಹತ್ತಿದ, ಗಟ್ಟಿಯಾಗಿ, ಒಂದೊಂದ.
ಐದರ ಹೊತ್ತಿಗೆ ಎಲ್ಲಾರೂ ಕೂಡಿ ಇಳೀತಿದ್ವಿ.
ಹನ್ನೊಂದಕ್ಕ ದನಿ ತಗ್ಗಿತು,
ಕಾಲು ಎತ್ತಿ ದಾಟಿದ್ವಿ.

ಜಾಗಾ ಇನ್ನೂ ಖಾಲಿನ ಐತಿ.
ವರದಿಯೊಳಗ 'ನಿರ್ಣಯ' ಅನ್ನೂ ಕಾಲಮ್ಮಿಗೆ
'ಮೀಸಿ' ಅಂತ ಬರದು, ಹೊಡದು ಹಾಕಿನಿ.
ಆದ್ರ, ಇದೊಂದು ಸಲ ಮಾಫಿ ಇರಲಿ,
ಮರುದಿನ ಮುಂಜಾನೆ ಆ ಹುಡುಗಿ ಸುಣ್ಣದ ಪುಡಿಲೆ
ಅಲ್ಲೊಂದು ದುಂಡನ ಗೆರಿ ಎಳದಾಳ.
ಹಾಲಿನ ಯಮನಪ್ಪ ಗಾಡಿ ಸುತ್ತು ಹಾಕಿ ಹೊಡೀತಾನ.
ಶಾಲಿ ಹುಡುಗರು ಅಂಚಿಗೆ ನಿಂತು ಬಗ್ಗಿ ನೋಡತಾರ.

ನಿನ್ನೆ ನನ್ನ ಚಪ್ಪಲಿ ಒಂದು ಕಿತ್ತು ಗೆರಿ ಒಳಗ ಬಿತ್ತು.
ತರಾಕ ನಾನೂ ಹುಷಾರಾಗಿ ಇಳದೆ,
ಹನ್ನೊಂದನೇದು ದಾಟಿ.