ನಿಂತು ಸವೆದದ್ದು

ಫಿಲೋಮಿನಾ ಬಾಯಿ ಬ್ಯಾಟರಿ ತಂದದ್ದು ಅಕ್ಕಿ ಚೀಲದಲ್ಲಿ ಸುತ್ತಿ,
ಜೊತೆಗೆ ಗುಜರಿಯವನು ಹೇಳಿದ ರೇಟು,
ಮತ್ತೊಂದು ಪ್ರಶ್ನೆ:
"ಓದಿದೋರು ನೀವು. ನೋಡಿ ಹೇಳಿ,
ನಾನೆಲ್ಲಿ ತಪ್ಪಿದೆ?"

ಬಸ್ ಸ್ಟ್ಯಾಂಡಿನಿಂದ ವಿನೋಬನಗರ, ಅಲ್ಲಿಂದ ಗೋಪಿ ಸರ್ಕಲ್,
ಮೊದಲೆಲ್ಲ ಒಂದು ಚಾರ್ಜಿಗೆ ತೊಂಬತ್ತು ಕಿಲೋಮೀಟರ್.
ಈಗ ಸವಳಂಗ ರಸ್ತೆಯ ಏರಿನಲ್ಲೇ ಆಟೋ ಉಸಿರು ಕಟ್ಟುತ್ತದೆ.
"ನಿನ್ನೆ ಒಬ್ಳು ಬಾಣಂತಿ ಇಳಿದು ತಳ್ಳೋಕೆ ಬಂದ್ಲು ಸರ್,
ನಂಗೇ ನಾಚ್ಕೆ ಆಯ್ತು."

ಶಂಕರಘಟ್ಟದ ಲ್ಯಾಬಿನಲ್ಲಿ ನಾನು ಯಂತ್ರ ಕಾಯುವವನು.
ವಿಜ್ಞಾನಿಯಲ್ಲ. ಪಂಪಿನ ಸದ್ದು ಕೇಳಿ ರೋಗ ಹೇಳಬಲ್ಲೆ, ಅಷ್ಟೇ.
ಗಾಜಿನ ಪೆಟ್ಟಿಗೆಯೊಳಗೆ ಗಾಳಿಯಿಲ್ಲ, ಬರೀ ಆರ್ಗಾನ್.
ಗೋಡೆಯಿಂದ ಚಾಚಿದ ಕರಿ ರಬ್ಬರ್ ತೋಳುಗಳಲ್ಲಿ ಕೈ ತೂರಿ
ಇನ್ನೊಬ್ಬರ ಅಂಗಿ ತೊಟ್ಟವನ ಹಾಗೆ
ಸೆಲ್ಲಿನ ಹೊಟ್ಟೆ ಬಗೆದೆ, ಮೊದಲು ಪೂರ್ತಿ ಬರಿದು ಮಾಡಿ.
ತುಂಬಿದ್ದನ್ನು ಬಿಚ್ಚುವುದು ಬೆಂಕಿಯ ಜೊತೆ ತಮಾಷೆ.

ಒಳಗೆ ಸುರುಳಿ. ತಾಮ್ರದ ಹಾಳೆಗೆ ಬಳಿದ ಕಪ್ಪು
ಹಳೇ ಕಾವಲಿಯ ಮಸಿಯಂತೆ ಅಲ್ಲಲ್ಲಿ ಹಕ್ಕಳೆ ಎದ್ದಿತ್ತು.
ಉಗುರಗಲ ಕತ್ತರಿಸಿ, ತೊಳೆದು, ಒಣಗಿಸಿ,
ಗಾಳಿ ಸೋಕಿಸದೆ ಯಂತ್ರದ ಬಾಯಿಗಿಟ್ಟೆ.
ಆಮೇಲೆ ಕಾಯುವುದು.
ನಿರ್ವಾತ ಬೇಗ ಸಿಗುವ ವಸ್ತುವಲ್ಲ.
ಎರಡನೇ ರಾತ್ರಿ ಕರೆಂಟು ಹೋಗಿ, ಪಂಪು ನಿಂತು,
ಮತ್ತೆ ಮೊದಲಿನಿಂದ.
ಬೈಯಲು ಯಾರೂ ಇರಲಿಲ್ಲ. ಮೆಸ್ಕಾಂಗೆ ಬೈದೆ, ಅಭ್ಯಾಸಕ್ಕೆ.

ಎಕ್ಸ್-ಕಿರಣ ಬಿದ್ದಲ್ಲಿ ಪರಮಾಣುಗಳು ಎಲೆಕ್ಟ್ರಾನ್ ಉಗುಳುತ್ತವೆ.
ಆಳದವು ದಾರಿಯಲ್ಲೇ ಸೋಲುತ್ತವೆ;
ಹೊರಗೆ ಬರುವುದು ಮೇಲಿನ ಹತ್ತು ನ್ಯಾನೋಮೀಟರಿನ ಸುದ್ದಿ ಮಾತ್ರ.
ಹಾಲಿನ ಕೆನೆ ನೋಡಿ ಹಸುವಿನ ವಯಸ್ಸು ಹೇಳಿದಂತೆ.

ಪರದೆಯ ಮೇಲೆ ಮೊದಲೆದ್ದ ಗುಡ್ಡ ಇಂಗಾಲದ್ದು:
ಇನ್ನೂರ ಎಂಬತ್ತನಾಲ್ಕು ಪಾಯಿಂಟ್ ಎಂಟು.
ಅದು ಬ್ಯಾಟರಿಯದ್ದಷ್ಟೇ ಅಲ್ಲ, ಎಲ್ಲದರ ಮೇಲೂ ಕೂರುವ ಕೊಳೆ,
ತೊಳೆದರೂ ಕೂರುತ್ತದೆ, ನಿರ್ವಾತದಲ್ಲೂ ಕೂರುತ್ತದೆ.
ನಾವು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ.
ಮಿಕ್ಕವರೆಲ್ಲ ಎಷ್ಟು ದೂರ ಎಂದು
ಕೊಳೆಯಿಂದ ಎಣಿಸುತ್ತೇವೆ.

ಆರುನೂರ ಎಂಬತ್ತೈದರಲ್ಲಿ ಫ್ಲೋರಿನ್, ನೆಟ್ಟಗೆ.
ಓಡಾಡಿಕೊಂಡಿರಬೇಕಾದ ಲಿಥಿಯಂ
ಅದರ ಜೊತೆ ಉಪ್ಪಾಗಿ ಇಲ್ಲೇ ಮನೆ ಮಾಡಿದೆ, ಇನ್ನು ಏಳದು.
ಏಳುನೂರ ಹತ್ತರ ಹತ್ತಿರ ಒಂದು ತಗ್ಗು ದಿಬ್ಬ: ಕಬ್ಬಿಣ,
ಆಚೆ ದಡದಿಂದ ಕರಗಿ ಈಚೆಗೆ ದಾಟಿದ್ದು.
ಭದ್ರಾವತಿಯಲ್ಲಿ ಹುಟ್ಟಿದವನಿಗೆ ಕಬ್ಬಿಣ ಸಿಕ್ಕರೆ ಖುಷಿಯಾಗಬೇಕು.
ಆಗಲಿಲ್ಲ.

ಅಯಾನುಗಳಿಂದ ಮೆಲ್ಲಗೆ ಕೆರೆದೆ. ಪದರದ ಕೆಳಗೆ ಪದರ.
ಕೆರೆಯುವುದೂ ಒಂದು ಗಾಯ; ಯಾವುದು ಕಾಲ ಮಾಡಿದ್ದು,
ಯಾವುದು ನಾನು ಮಾಡಿದ್ದು, ವರದಿಯಲ್ಲಿ ಬರೆಯಬೇಕು.
ತಳದಲ್ಲಿ, ಮೊದಲ ಚಾರ್ಜಿನಂದೇ ಮೂಡಿದ ತೆಳು ಚರ್ಮ.
ಅದಿಲ್ಲದೆ ಬ್ಯಾಟರಿ ಒಂದು ವಾರವೂ ಬದುಕುತ್ತಿರಲಿಲ್ಲ.
ಕಾಯುವ ಚರ್ಮವೇ ದಿನಕ್ಕಿಷ್ಟು ದಪ್ಪವಾಗಿ
ಕಾಯಬೇಕಾದ್ದನ್ನು ತಿಂದಿತ್ತು.

ಆದರೂ ಲೆಕ್ಕ ತಾಳೆಯಾಗಲಿಲ್ಲ.
ಆಟೋ ಓಡಿದ್ದು ಹನ್ನೊಂದು ಸಾವಿರ ಕಿಲೋಮೀಟರ್,
ಚರ್ಮ ಹೇಳುತ್ತಿದ್ದದ್ದು ಅದರ ಮೂರರಷ್ಟು ಮುಪ್ಪು.
ಫೋನ್ ಮಾಡಿದೆ. "ಮಧ್ಯೆ ಗಾಡಿ ನಿಲ್ಲಿಸಿದ್ರಾ?"

"ಮಣಿಕಟ್ಟು ಮುರೀತಲ್ಲ ಸರ್, ಐದು ತಿಂಗ್ಳು.
ತಗಡಿನ ಶೆಡ್ಡಲ್ಲಿತ್ತು, ಬೇಸಿಗೆ ಪೂರ್ತಿ.
ಆದ್ರೆ ದಿನಾ ರಾತ್ರಿ ಎಡಗೈಲೇ ಪ್ಲಗ್ ಹಾಕ್ತಿದ್ದೆ,
ಒಂದಿನಾನೂ ತಪ್ಸಿಲ್ಲ. ತುಂಬ್ಸಿ ತುಂಬ್ಸಿ ಇಟ್ಟಿದ್ದೆ.
ಕೈ ಸರಿಹೋದ ದಿನ ರೆಡಿ ಇರ್ಲಿ ಅಂತ."

ನನ್ನ ಹಿಂದೆ ಪಂಪು ಗೊರಗುಟ್ಟುವುದು ಆಕೆಗೂ ಕೇಳಿಸಿರಬೇಕು.
ಓಡಿ ಅಲ್ಲ, ತುಂಬಿಕೊಂಡು ನಿಂತು ನಿಂತೇ ಸವೆಯಿತು ಎಂದು
ಎಡಗೈಯಲ್ಲಿ ಪ್ಲಗ್ ಹಾಕಿದವಳಿಗೆ ಹೇಗೆ ಹೇಳುವುದು?
"ನಿಮ್ದೇನೂ ತಪ್ಪಿಲ್ಲ" ಅಂದೆ. ಅದು ಸುಳ್ಳು; ಪೂರ್ತಿ ಅಲ್ಲ.
"ಇನ್ನೊಂದ್ಸಲ ನಿಲ್ಲಿಸೋದಾದ್ರೆ ಅರ್ಧ ಖಾಲಿ ಬಿಡಿ,
ತಂಪಿರೋ ಕಡೆ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಅರ್ಧ ಖಾಲಿ," ಅಂದಳು, ಬರೆದುಕೊಳ್ಳುವವಳ ಹಾಗೆ.
ಆಮೇಲೆ,
"ಆ ಅಕ್ಕಿ ಚೀಲ ಎಸೀಬೇಡಿ ಸರ್, ವಾಪಸ್ ಬೇಕು."