ಜೇಬು ನೋಡುವವಳು

ಗ್ಲಾಸ್ಗೋದ ಗೋವನ್ ರಸ್ತೆಯಲ್ಲಿ ಬಟ್ಟೆ ಒಗೆಯುವ ಅಂಗಡಿ ನನ್ನದು.
ಎಂಟು ಯಂತ್ರ; ಒಂದು ಕೆಟ್ಟು ಕೂತು ವರ್ಷವಾಯಿತು.
ಇಪ್ಪತ್ತಾರು ವರ್ಷದಿಂದ ಊರವರ ಜೇಬು ನೋಡಿದ್ದೇನೆ:
ಬಸ್ಸಿನ ಚೀಟಿ, ಸೀನಿದ ಕರವಸ್ತ್ರ,
ಒಮ್ಮೆ ಒಂದು ಹಾಲುಹಲ್ಲು,
ಒಮ್ಮೆ ಒಬ್ಬಳ ಗಂಡನ ಕೋಟಿನಲ್ಲಿ ಇನ್ನೊಬ್ಬಳ ಕಿವಿಯೋಲೆ.
ನೆನೆಹಾಕುವ ಮೊದಲು ಜೇಬು ನೋಡು,
ಅಮ್ಮ ಕಲಿಸಿದ ವಿದ್ಯೆ ಅದೊಂದೇ.

ಜನವರಿ. ಮೂರೂವರೆಗೇ ಕತ್ತಲಿಗೆ ಅವಸರ.
ಅವನು ಬಾಗಿಲು ತಳ್ಳಲಿಲ್ಲ, ಒರಗಿದ ಅಷ್ಟೆ;
ಅದು ತೆರೆದುಕೊಂಡಿತು. ಅವನೂ ಬೆಚ್ಚಿದ, ನಾನೂ.
ಹೆಗಲ ಮೇಲೆ ಸುರುಳಿ ಸುತ್ತಿದ ಮಲಗುಚೀಲ,
ವಾಸನೆ ಅವನಿಗಿಂತ ಒಂದು ಹೆಜ್ಜೆ ಮುಂದೆ.
ಮಿಸೆಸ್ ಮಕಾಸ್ಕಿಲ್ ತನ್ನ ಬುಟ್ಟಿಯನ್ನು
ಕಾಲಿನಿಂದಲೇ ಹತ್ತಿರಕ್ಕೆ ಎಳೆದುಕೊಂಡಳು.
ನಾನು ಎಳೆದುಕೊಂಡದ್ದು ಗಲ್ಲಾಪೆಟ್ಟಿಗೆಯ ಕೀಲಿ.
ಸುಳ್ಳು ಯಾಕೆ ಹೇಳಲಿ.

"ಇದಕ್ಕೆಲ್ಲ ಎಷ್ಟಾಗತ್ತೆ?"
ಹೇಳಿದೆ.
ಅಂಗೈ ತೆರೆದು ಬಿಡಿಗಾಸು ಎಣಿಸಿದ,
ಎಣಿಸಿದ್ದನ್ನೇ ಮತ್ತೆ ಎಣಿಸಿದ,
ಎರಡನೇ ಸಲಕ್ಕೆ ಹೆಚ್ಚಾದೀತು ಎಂಬಂತೆ.
ಆ ಎಣಿಕೆ ನನಗೆ ಗೊತ್ತು.
ನಮ್ಮ ಯೂಅನ್ ಹೀಗೇ ಎಣಿಸುತ್ತಿದ್ದ ಅಡುಗೆಮನೆಯಲ್ಲಿ,
ಅಮ್ಮನ ಪರ್ಸಿನ ದುಡ್ಡು.
ಯೂಅನ್ ಮಾತು ಈಗ ಬೇಡ.

"ಏಳನೇ ಯಂತ್ರ ಇವತ್ತು ಪುಕ್ಕಟೆ," ಅಂದೆ,
"ಹೇಗೂ ಓಡಿಸಿ ನೋಡಬೇಕಿತ್ತು."
ಮಿಸೆಸ್ ಮಕಾಸ್ಕಿಲ್ ಕತ್ತೆತ್ತಿ ನೋಡಿದಳು.
ಹದಿನೈದು ವರ್ಷದಲ್ಲಿ ಅವಳ ಪಾಲಿಗೆ
ಯಾವ ಯಂತ್ರವೂ ಪುಕ್ಕಟೆ ಓಡಿದ್ದಿಲ್ಲ.

ಉಟ್ಟದ್ದನ್ನೂ ಬಿಚ್ಚಿಕೊಟ್ಟ. ಹಿಂದಿನ ಕೋಣೆಯಿಂದ ಹೊರಬಂದಾಗ
ಮೈಮೇಲೆ ಯಾರೋ ಮರೆತುಹೋದ ಗುಲಾಬಿ ಗೌನು,
ಕೆಳಗೆ ಕೊಕ್ಕರೆಯ ಕಾಲು.
ಮಿಸೆಸ್ ಮಕಾಸ್ಕಿಲ್ ಕಿಸಕ್ಕೆಂದಳು. ಅವನೂ ನಕ್ಕ,
ಹಲ್ಲಿಲ್ಲದ ಕಡೆಗೆ ಕೈ ಅಡ್ಡ ಹಿಡಿದು.

ಜೇಬು ನೋಡಿದೆ,
ಸೂಜಿ ಇದ್ದೀತೆಂದು ದಪ್ಪ ಕೈಗವಸು ತೊಟ್ಟು.
ಇರಲಿಲ್ಲ. ಇದ್ದದ್ದು
ಔಷಧದಂಗಡಿಯ ಚೀಟಿ, ದಿನಾ ಬೆಳಗ್ಗೆ ಒಂಬತ್ತಕ್ಕೆ
ಅವರ ಕಣ್ಣೆದುರೇ ಕುಡಿಯಬೇಕಾದ ಹಸಿರು ನೀರಿನ ಲೆಕ್ಕ;
ಮೋಟು ಪೆನ್ಸಿಲ್ಲು;
ಯಾವುದೋ ಕೆಫೆಯ ಸಕ್ಕರೆ ಪೊಟ್ಟಣ, ಒಂಬತ್ತು;
ಒಂದು ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ ಮೂವತ್ತು ಎಂದು ಅಚ್ಚು.

ಗಾಜಿನ ಹಿಂದೆ ನೀರು ಕಪ್ಪಾಯಿತು, ಬೂದಿಯಾಯಿತು.
ಅವನು ಧಡಕ್ಕನೆ ಎದ್ದ: "ಜೇಬಲ್ಲಿ ಒಂದು..."
ತಟ್ಟೆ ತೋರಿಸಿದೆ. ಎಲ್ಲವೂ ಸಾಲಾಗಿತ್ತು ಅದರಲ್ಲಿ.
ಬಿಲ್ಲೆ ಎತ್ತಿಕೊಂಡ. ಮತ್ತೆ ಅಲ್ಲೇ ಇಟ್ಟ.
"ಮೂವತ್ತು ದಿನ ಹಳೇ ಲೆಕ್ಕ. ಕ್ರಿಸ್‌ಮಸ್ಸಿಗೆ ಜಾರಿದೆ.
ಮತ್ತೆ ಮೊದಲಿಂದ. ಇವತ್ತಿಗೆ ಆರು."
ಆರಕ್ಕೆ ಯಾರೂ ಬಿಲ್ಲೆ ಕೊಡುವುದಿಲ್ಲವಂತೆ.

ಏನು ಹೇಳಬೇಕಿತ್ತು ನಾನು?
ಹೇಳುವಂಥದ್ದೆಲ್ಲ ಯೂಅನ್ ಮೇಲೇ ಖರ್ಚಾಗಿತ್ತು.
ಚಹಾ ಮಾಡಿದೆ. ಅವನ ಪೊಟ್ಟಣ ಮುಟ್ಟದೆ
ನನ್ನ ಡಬ್ಬಿಯಿಂದಲೇ ಮೂರು ಚಮಚ.
ಹೆಸರು ಟಾರ್ಕ್ವಿಲ್ ಅಂತೆ. "ದೊಡ್ಡಮನೆಯವರ ಹೆಸರು, ಅಜ್ಜಿಯ ಹುಚ್ಚು."
"ನಂದು ಸೆಂಗಾ," ಅಂದೆ,
"ಆಗ್ನೆಸ್ ಅನ್ನೋದನ್ನ ಒಳಗು ಹೊರಗು ಮಾಡಿ ಒಗೆದದ್ದು."

ಮಲಗುಚೀಲ ಆರಲು ಎರಡು ಗಂಟೆ ಹಿಡಿಯಿತು.
ಬಾಗಿಲ ಫಲಕ ತಿರುಗಿಸಿದೆ, ದೀಪ ಆರಿಸಲಿಲ್ಲ.
ಒಂದು ತುದಿ ಅವನು, ಒಂದು ತುದಿ ನಾನು,
ಜಾಡಿಸಿ, ಹತ್ತಿರ ಬಂದು, ತುದಿಗೆ ತುದಿ ಕೊಟ್ಟು,
ದೂರ ಸರಿದು, ಮತ್ತೆ ಹತ್ತಿರ ಬಂದು ಮಡಿಸಿದೆವು,
ಅಮ್ಮನೂ ನಾನೂ ಹಾಸುಬಟ್ಟೆ ಮಡಿಸುತ್ತಿದ್ದ ಹಾಗೆ.
ಇನ್ನೂ ಬಿಸಿಯಿತ್ತು. ಅದನ್ನು ಮುಖಕ್ಕೊತ್ತಿ ನಿಂತುಬಿಟ್ಟ.
ನಾನು ಎಂಟನೇ ಯಂತ್ರದತ್ತ ತಿರುಗಿ
ಇಲ್ಲದ ಕಲೆ ಒರೆಸಿದೆ.

ಅವನು ಹೋದ ಮೇಲೆ ಗಲ್ಲಾ ಎಣಿಸಿದೆ.
ಸರಿಯಿತ್ತು.
ಮತ್ತೆ ಎಣಿಸಿದೆ,
ಎರಡನೇ ಸಲಕ್ಕೆ ಕಡಿಮೆಯಾದೀತು ಎಂಬಂತೆ.
ಸರಿಯೇ ಇತ್ತು.
ನಲ್ಲಿ ಬಿಟ್ಟು ಕೈ ತೊಳೆದೆ, ಸೋಪು ಹಾಕಿ, ತುಂಬಾ ಹೊತ್ತು.

ಲೋಟ ಎತ್ತಲು ಹೋದರೆ ತಟ್ಟೆಯಲ್ಲಿ
ಬಿಟ್ಟುಹೋಗಿದ್ದ, ಸಾಲಾಗಿ,
ಸಕ್ಕರೆ ಪೊಟ್ಟಣ ಮೂರು.

ಹೊರಗೆ ಹಿಮ ಕಟ್ಟತೊಡಗಿತ್ತು ರಸ್ತೆಗೆ.
ಎಲ್ಲಿ ಮಲಗಿದನೋ ಕೇಳಲಿಲ್ಲ ನಾನು, ಕೇಳಬೇಕಿತ್ತು.
ಆರು ಮುಗಿಯಿತು, ಟಾರ್ಕ್ವಿಲ್.
ಬೆಳಗಾದರೆ
ಏಳು.