ಮೊದಲ ಹನಿ

ನನ್ನ ಕೆಲಸ ಕಿವಿ ಹಿಂಡುವುದು.
ಬೈಯಲಿಕ್ಕಲ್ಲ, ರಕ್ತಕ್ಕೆ.
ತ್ರಕಾಯ್ ಊರಿನ ಸರೋವರದಲ್ಲಿ, ಬೆಳಗಿನ ಆರೂಕಾಲಿಗೆ
ಮೋಟಾರು ದೋಣಿಯ ಮೂತಿಯಲ್ಲಿ ಕುಕ್ಕರುಗಾಲಲ್ಲಿ ಕೂತು
ಕಾಯುತ್ತೇನೆ. ನಾಲ್ಕು ನಿಮಿಷ ಹುಟ್ಟು, ಅರ್ಧ ನಿಮಿಷ ತಡೆ.
ಆ ಅರ್ಧ ನಿಮಿಷ ನನ್ನದು.

ಕಿವಿಹಾಲೆ ಒರೆಸು. ಚುಚ್ಚು.
ಮೊದಲ ಹನಿಯನ್ನು ಒರೆಸಿ ಬಿಸಾಡು.
ಎರಡನೆಯದನ್ನು ಪಟ್ಟಿಗೆ ಮುಟ್ಟಿಸು.
ಹದಿನೈದು, ಹದಿನಾಲ್ಕು, ಹದಿಮೂರು…
ಯಂತ್ರ ಹಿಂದಕ್ಕೆ ಎಣಿಸುವಾಗ
ಹುಡುಗರು ನೋಡುವುದು ನನ್ನ ಮುಖವನ್ನು, ಯಂತ್ರವನ್ನಲ್ಲ.

ಮೊದಲ ಹನಿ ಯಾಕೆ ದಂಡ ಮಾಡುತ್ತೀ
ಅಂತ ಹೊಸಬರೆಲ್ಲ ಕೇಳುತ್ತಾರೆ.
ಅದರಲ್ಲಿ ಬೆವರು ಬೆರೆತಿರುತ್ತದೆ, ಕಂದಾ.
ಬೆವರಿಗೆ ಸುಳ್ಳಿನ ಚಾಳಿ,
ಮೂರಿದ್ದದ್ದನ್ನು ಆರು ಮಾಡಿ ಹೇಳುತ್ತದೆ.
ನಮ್ಮಪ್ಪನ ಕಾಲಕ್ಕೆ ಕಾರ್ಖಾನೆಯ ಹೆಬ್ಬಾಗಿಲ ಮೇಲೆ
ಕೆಂಪಕ್ಷರದಲ್ಲಿ ಬರೆದು ಪೂಜಿಸಿದ ಬೆವರು
ಇಲ್ಲಿ ಕಸ. ಹತ್ತಿಯ ಉಂಡೆಗೆ ಸೇರುವ ಕಸ.

ಭಾನುವಾರ ದಂಗುವೊಲೆಯ ದೋಣಿ ಬರುತ್ತದೆ,
ನಾಲ್ವರು ಹೆಂಗಸರು, ನಾಲ್ವರದೂ ಸೇರಿ ಇನ್ನೂರ ಅರವತ್ತೆಂಟು ವರ್ಷ.
ಯಾವ ಪಂದ್ಯವೂ ಇಲ್ಲ, ಯಾವ ತರಬೇತುದಾರನೂ ಇಲ್ಲ.
ಆದರೂ ಕಿವಿಯೋಲೆ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು
"ನಮ್ಮದೂ ಚುಚ್ಚು" ಅನ್ನುತ್ತಾರೆ.
"ಎಂಟು ಚಿಲ್ಲರೆ" ಅಂದರೆ ದಂಗುವೊಲೆ ಹಿಗ್ಗುತ್ತಾಳೆ,
ಜಾಸ್ತಿ ಬಂದರೆ ಜಾಸ್ತಿ ಅಂಕ ಅಂದುಕೊಂಡಿದ್ದಾಳೆ.
ನಾನು ತಿದ್ದಿಲ್ಲ.

ತಿದ್ದದೆ ಬಿಟ್ಟದ್ದು ಇನ್ನೊಂದಿದೆ.

ಹೋದ ವರ್ಷದ ಹಿಂದಿನ ಏಪ್ರಿಲ್. ಆಗಷ್ಟೆ ಹಿಮ ಒಡೆದ ನೀರು.
ಮಂಜು ಎಷ್ಟೆಂದರೆ ಎದುರಿನ ಕೋಟೆಯೇ ಮಾಯ.
ಬಲಗೈಯ ಕೈಗವಸು ನನ್ನ ಹಲ್ಲಿನಲ್ಲಿತ್ತು, ಅದು ನೆನಪಿದೆ.
ವೈದೋತಸ್‌ನ ಕಿವಿ ತಣ್ಣಗೆ, ಕೆಂಪಗೆ, ಅದೂ ನೆನಪಿದೆ.
ಯಂತ್ರ ಐದು ದಶಮಾಂಶ ಒಂಬತ್ತು ಅಂದಿತು.
ಅದೇ ವೇಗಕ್ಕೆ ಹಿಂದಿನ ವಾರ ಮೂರೂ ದಾಟಿರಲಿಲ್ಲ.
ತರಬೇತುದಾರ ಆಲ್ವೀದಸ್ ಏನೂ ಕೇಳಲಿಲ್ಲ,
ಪೆನ್ಸಿಲಿನ ತುದಿ ನೆಕ್ಕಿ ಬರೆದುಕೊಂಡ.
ಶುಕ್ರವಾರ ಪಟ್ಟಿ ಅಂಟಿಸಿದರು.
ಮೂರನೆಯ ಆಸನದಲ್ಲಿ ಬೇರೆ ಹೆಸರು.

ಒರೆಸಿದೆನೇ?

ಆ ಸಂಜೆ ಚೀಲ ಸುರುವಿ ಬಳಸಿದ ಹತ್ತಿ ಎಣಿಸಿದೆ.
ಏಳು ಜನ, ತಲೆಗೆರಡು, ಹದಿನಾಲ್ಕಿರಬೇಕು.
ಹದಿಮೂರಿತ್ತು.
ಒಂದು ಗಾಳಿಗೆ ಹಾರಿರಬಹುದು. ನೀರಿಗೆ ಬಿದ್ದಿರಬಹುದು.
ಬಾತುಕೋಳಿ ರೊಟ್ಟಿಯೆಂದು ನುಂಗಿರಬಹುದು.
ಅಥವಾ ಅವನ ಮೈಯೇ ಅವತ್ತು ಸೋತಿರಬಹುದು,
ಜ್ವರದ ಮುಂಚಿನ ದಿನ ಹಾಗಾಗುವುದುಂಟು.
ಇಷ್ಟೂ ಬಹುದುಗಳನ್ನು ಯಾವ ತಕ್ಕಡಿಗೆ ಹಾಕಲಿ.

ಅವನೀಗ ಸೇತುವೆಯ ಹತ್ತಿರ ಕಿಬಿನಾಯ್ ಸುಡುತ್ತಾನೆ,
ಕುರಿಮಾಂಸ ತುಂಬಿದ ಅರ್ಧಚಂದ್ರದ ಕಡುಬು.
ಹಿಟ್ಟನ್ನು ತೂಗುವುದಿಲ್ಲ, ಕೈ ಅಂದಾಜು.
ಭಾನುವಾರ ದಂಗುವೊಲೆಯ ದೋಣಿಗೆ ಚುಕ್ಕಾಣಿ ಹಿಡಿಯುತ್ತಾನೆ,
ಎರಡು ಮೀಟರು ಎತ್ತರದ ಆಳು ಮೊಣಕಾಲು ಮಡಚಿ
ಮಗುವಿನ ತೊಟ್ಟಿಲಲ್ಲಿ ಮಲಗಿದಂತೆ.

ಮೊನ್ನೆ ಹೆಂಗಸರೆಲ್ಲ ಸೇರಿ ಅವನನ್ನೇ ಹುಟ್ಟಿಗೆ ಕೂರಿಸಿದರು.
ನಾಲ್ಕು ನಿಮಿಷ. ಗಡಿಯಾರ ನೋಡಿದವರಿಲ್ಲ.
ಬೆನ್ನು ಮಾತ್ರ ಹಳೆಯದೇ,
ನೀರು ಸೀಳುವ ಸದ್ದು ಹಳೆಯದೇ.
ಮತ್ತೆ ದಡಕ್ಕೆ ಬಂದು ಕಿವಿ ಒಡ್ಡಿದ, "ತಮಾಷೆಗೆ."

ಒರೆಸಿದೆ. ಚುಚ್ಚಿದೆ.
ಮೊದಲ ಹನಿಯನ್ನು ಒರೆಸಿದೆ.
ಹದಿನೈದು, ಹದಿನಾಲ್ಕು.
ಈ ಸಲ ಅವನು ನನ್ನ ಮುಖ ನೋಡಲಿಲ್ಲ,
ಒಲೆ ಆರುತ್ತದೆ ಅಂತ ಸೇತುವೆಯ ಕಡೆ ನೋಡುತ್ತಿದ್ದ.
"ಎರಡು ದಶಮಾಂಶ ಎಂಟು" ಅಂದೆ.
"ಒಳ್ಳೆಯದೇ?"
"ಯಾವ ವೇಗಕ್ಕೆ ಅಂತ ಗೊತ್ತಿಲ್ಲದೆ ಹೇಳಲಾಗದು."
ನಕ್ಕ. ಹೊರಟುಹೋದ.

ಮುಚ್ಚಿದ ಮುಷ್ಟಿ ಬಿಚ್ಚಿ ನೋಡಿದೆ.
ಹತ್ತಿ, ಎರಡೂ ಇದ್ದವು.